ಎತ್ತಿನ ಕಿವಿ ಎಲ್ಲಿರುತ್ತದೆ?

ಎತ್ತಿನ ಕಿವಿ ಕೊಂಬಿನ ಮೇಲಿರುತ್ತದೋ, ಕೆಳಗಿರುತ್ತದೋ? ಒಂದು ಸಲ ಕಣ್ಣು ಮುಚ್ಚಿ ನೆನಪಿಸಿಕೊಳ್ಳಿ. ದಿನಾ ಎತ್ತು ನೋಡುವವರೂ ಇದಕ್ಕೆ ಥಟ್ಟನೆ ಉತ್ತರ ಹೇಳೋದು ಕಷ್ಟ. ಈ ಪ್ರಶ್ನೆ ಕೇಳಿದ್ದು ನನ್ನ ಅಣ್ಣನ ಮಗಳ ಡ್ರಾಯಿಂಗ್ ಸರ್.

ಮೊದಲೆಲ್ಲ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಅವಳಿಗೆ ಹಬ್ಬವೋ ಹಬ್ಬ. ಮಣ್ಣಲ್ಲಿ ನಾಲ್ಕು ಕಾಲು, ಎರಡು ಕೊಂಬು ಬಂದರೆ ಸಾಕು, ಪೂಜೆಗೆ ಎತ್ತು ಆಯ್ತು. ಹೋದ ವರ್ಷ ಮಾತ್ರ ತಾನು ಮಾಡಿದ್ದನ್ನ ಪಕ್ಕದ ಮನೆಯವರು ಸಂತೆಯಿಂದ ತಂದ ಎತ್ತಿನ ಜೊತೆ ಇಟ್ಟು ನೋಡಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು, ಆಮೇಲೆ ಕೈಯಲ್ಲಿ ಹಿಸುಕಿ ಮುದ್ದೆ ಮಾಡಿಬಿಟ್ಟಳು. "ನಂಗ ಬರಂಗಿಲ್ಲ ಕಾಕಾ" ಅಂದಳು. ಆಗ ಅವಳಿಗೆ ಒಂಬತ್ತು ವರ್ಷ.

ಈ ವಯಸ್ಸನ್ನ ಗಮನಿಸಿ. ಮಕ್ಕಳು ಸುಮಾರು ಎರಡು ವರ್ಷಕ್ಕೆ ಗೀಚೋಕೆ ಶುರು ಮಾಡ್ತಾರೆ. ಮೂರು-ನಾಲ್ಕಕ್ಕೆ ಮನುಷ್ಯನ ಚಿತ್ರ ಬರುತ್ತದೆ, ದುಂಡನೆಯ ತಲೆಗೇ ಕಾಲು ಅಂಟಿರುತ್ತವೆ, ಹೊಟ್ಟೆ ಇರೋದೇ ಇಲ್ಲ. ಆ ವಯಸ್ಸಿನ ಮಕ್ಕಳು ಕಂಡದ್ದನ್ನಲ್ಲ, ಗೊತ್ತಿದ್ದದ್ದನ್ನ ಬರೀತಾರೆ ಅಂತ ಫ್ರಾನ್ಸಿನ ಲ್ಯೂಕೆ ಎಂಬ ವಿದ್ವಾಂಸ ನೂರು ವರ್ಷದ ಹಿಂದೆಯೇ ಹೇಳಿದ್ದರು. ಅದಕ್ಕೇ ಧಾರವಾಡ ಜಿಲ್ಲೆಯ ಅಣ್ಣಿಗೇರಿ ಕಡೆಯ ಬಯಲು ಎರೆಹೊಲದ ನಡುವೆ ಬೆಳೆದ ಮಗು ಕೂಡ ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ ಬರೆಯುತ್ತದೆ. ತಾನಿರುವ ಚಪ್ಪಟೆ ಸೂರಿನ ಮಾಳಿಗೆ ಮನೆಯನ್ನ ಬಿಟ್ಟು ಇಳಿಜಾರು ಹಂಚಿನ ಮನೆ ಬರೆಯುತ್ತದೆ.

ಒಂಬತ್ತು-ಹತ್ತಕ್ಕೆ ಬಂದಾಗ ಕಣ್ಣು ಚುರುಕಾಗುತ್ತದೆ, ಕೈ ಹಿಂದೆ ಉಳಿಯುತ್ತದೆ. ತಾನು ಬರೆದದ್ದು ನಿಜವಾದದ್ದರ ಹಾಗಿಲ್ಲ ಅಂತ ಮಗುವಿಗೇ ಕಾಣುತ್ತದೆ. ಎಷ್ಟೋ ಜನ ಪೆನ್ಸಿಲ್ ಕೆಳಗಿಡೋದು ಇಲ್ಲೇ, ಆಮೇಲೆ ಜೀವನಪೂರ್ತಿ ಮುಟ್ಟೋದಿಲ್ಲ. ನಾವೂ ಸರಿಯಾಗಿ ಆಗಲೇ ಐದನೇ ಕ್ಲಾಸ್ ಬಂತು ಅಂತ ಡ್ರಾಯಿಂಗ್ ಬಿಡಿಸಿ ಟ್ಯೂಷನ್‌ಗೆ ಹಾಕ್ತೀವಿ. ನನಗೆ ಇದೇ ಬೇಜಾರು. ಚಿತ್ರದ ಕ್ಲಾಸ್ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರೋದು ಆ ವಯಸ್ಸಿಗೇ. ಬರಲಿಲ್ಲ ಅಂದರೆ ಮತ್ತೆ ನೋಡು, ಮತ್ತೆ ಬರಿ ಅಂತ ಪಕ್ಕದಲ್ಲಿ ಕೂತು ಹೇಳುವವರೊಬ್ಬರು ಆಗ ಇರಬೇಕು.

ಚಿತ್ರ ಬರೆದರೆ ಗಣಿತದಲ್ಲಿ ಮಾರ್ಕ್ಸ್ ಬರುತ್ತಾ ಅಂತ ಕೇಳ್ತಾರೆ. ಬರುತ್ತೆ ಅಂತ ಹೇಳೋಕೆ ಗಟ್ಟಿ ಆಧಾರ ಇಲ್ಲ. ಹಾರ್ವರ್ಡ್‌ನ ಪ್ರಾಜೆಕ್ಟ್ ಝೀರೋ ತಂಡ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿ 2000ರಲ್ಲೇ ಇದನ್ನ ಹೇಳಿದೆ. ಆದರೆ ಓದಿಗೆ ಬೇರೆ ದಾರಿಯಿಂದ ಉಪಯೋಗ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾಲೇಜು ಹುಡುಗರಿಗೆ ಪದಗಳನ್ನು ಕೊಟ್ಟು ಕೆಲವನ್ನು ಬರೆಯಲು, ಕೆಲವನ್ನು ಚಿತ್ರ ಮಾಡಲು ಹೇಳಿದ್ದರು. ಚಿತ್ರ ಮಾಡಿದ ಪದಗಳೇ ಜಾಸ್ತಿ ನೆನಪಿನಲ್ಲಿ ಉಳಿದವು, ಚಿತ್ರ ಹೇಗೇ ಇರಲಿ. ಚಿತ್ರ ಮಾಡುವಾಗ ಅರ್ಥ ಯೋಚಿಸಬೇಕು, ರೂಪ ಕಣ್ಣಮುಂದೆ ತಂದುಕೊಳ್ಳಬೇಕು, ಕೈಯೂ ಆಡಬೇಕು, ಅಲ್ವಾ? ಎಸ್‌ಎಸ್‌ಎಲ್‌ಸಿ ಮಕ್ಕಳು ಹೃದಯದ ಚಿತ್ರವನ್ನ ಗೈಡ್ ನೋಡಿ ಬಾಯಿಪಾಠ ಮಾಡುವ ಬದಲು ಅರ್ಥ ಮಾಡಿಕೊಂಡು ತಾವೇ ಬರೆಯೋದು ಒಳ್ಳೆಯದು.

ಮನಸ್ಸಿನ ವಿಚಾರವೂ ಇದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ 39 ವಯಸ್ಕರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು ಕೊಟ್ಟು, ಮೊದಲೂ ಆಮೇಲೂ ಎಂಜಲು ಪರೀಕ್ಷಿಸಿದರು. ಸುಮಾರು ಮುಕ್ಕಾಲು ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಳಿದಿತ್ತು. ಮೊದಲು ಚಿತ್ರ ಬರೆದು ಅಭ್ಯಾಸ ಇತ್ತೋ ಇಲ್ಲವೋ, ಅದರಿಂದ ವ್ಯತ್ಯಾಸ ಆಗಲಿಲ್ಲ. ಇದು ದೊಡ್ಡವರ ಮೇಲೆ ಮಾಡಿದ ಸಣ್ಣ ಪ್ರಯೋಗ, ನಿಜ. ಆದರೂ ಪಿಯುಸಿ ಓದುವ ಹುಡುಗರ ಮುಖ ನೋಡಿದಾಗೆಲ್ಲ ಇದು ನೆನಪಾಗುತ್ತದೆ.

ನಮ್ಮ ಕಡೆ ಕಲಿಸುವವರಿಗೇನು ಕೊರತೆ ಇಲ್ಲ. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಅಕ್ಕಿಯವರು ಕಟ್ಟಿದ ಕಲಾ ಶಾಲೆಗಳ ಪರಂಪರೆ ಇದೆ. ಅಣ್ಣನ ಮಗಳು ಹೋಗೋದು ಧಾರವಾಡದ ಮಾಳಮಡ್ಡಿಯ ಒಂದು ಮನೆಗೆ, ಭಾನುವಾರ ಎರಡು ತಾಸು. ಆ ಸರ್ ಅವಳ ಎತ್ತಿನ ಚಿತ್ರ ತಿದ್ದಲೇ ಇಲ್ಲ. "ಕಿವಿ ಎಲ್ಲೈತಿ, ನೋಡ್ಕೊಂಡು ಬಾ ಅವ್ವಿ" ಅಂತ ಕಳಿಸಿದರು. ಅವಳು ಓಣಿಯ ಕೊನೆಯಲ್ಲಿ ಕಟ್ಟಿದ ಎತ್ತಿನ ಮುಂದೆ ಅರ್ಧ ತಾಸು ಕೂತಳು. ಕಿವಿ ಕೊಂಬಿನ ಕೆಳಗೇ, ಪಕ್ಕಕ್ಕೆ ಚಾಚಿಕೊಂಡಿತ್ತು. ಹಿಂಗಾಲಿನ ಮಡಿಕೆ ಮುಂಗಾಲಿನದರ ಹಾಗಿಲ್ಲ, ಹಿಂದಕ್ಕೆ ಚಾಚಿದೆ ಅಂತಲೂ ಅವಳೇ ಕಂಡುಕೊಂಡಳು.

ಈ ವರ್ಷದ ಅಮಾವಾಸ್ಯೆಗೆ ಅವಳು ಮಾಡಿದ ಎತ್ತಿನ ಒಂದು ಕೊಂಬು ಗಿಡ್ಡ ಇತ್ತು. ಮುರಿದಿದೆ ಅಂದುಕೊಂಡು ಸರಿ ಮಾಡೋಕೆ ಹೋದೆ.

"ಮುಟ್ಟಬ್ಯಾಡ ಕಾಕಾ, ಆ ಎತ್ತಿನ್ದು ಹಂಗ ಐತಿ."