ಜ್ಞಾನೋದಯ ಯುಗ ಅಂದರೆ ಏನು?

ಯುರೋಪಿನಲ್ಲಿ ಸುಮಾರು 1680ರ ದಶಕದಿಂದ 1789ರ ಫ್ರೆಂಚ್ ಕ್ರಾಂತಿಯವರೆಗೆ ನಡೆದ ವಿಚಾರದ ಚಳವಳಿಗೆ ಈ ಹೆಸರು. ರಾಜ ಹೇಳಿದ, ಪಾದ್ರಿ ಹೇಳಿದ, ಹಿಂದಿನಿಂದ ನಡೆದು ಬಂದಿದೆ ಅಂದರೆ ಸಾಲದು, ಕಾರಣ ಕೊಡಿ, ಪುರಾವೆ ತೋರಿಸಿ ಅಂತ ಕೇಳುವುದು ಅದರ ತಿರುಳು. ತಿಳುವಳಿಕೆ ಬೆಳೆದ ಹಾಗೆ ಮನುಷ್ಯರ ಬದುಕೂ ಸುಧಾರಿಸುತ್ತದೆ ಅನ್ನುವ ನಂಬಿಕೆಯೂ ಜೊತೆಗಿತ್ತು. 1687ರಲ್ಲಿ ನ್ಯೂಟನ್ ನೆಲಕ್ಕೂ ಆಕಾಶಕ್ಕೂ ಒಂದೇ ನಿಯಮ ಅಂತ ಲೆಕ್ಕ ಹಾಕಿ ತೋರಿಸಿದ್ದು ಈ ಚಳವಳಿಯವರಿಗೆ ದೊಡ್ಡ ಧೈರ್ಯ. ಗ್ರಹಗಳ ಚಲನೆಯನ್ನೇ ವಿಚಾರಿಸಿ ತಿಳಿಯಬಹುದಾದರೆ ಕಾನೂನು, ಶಿಕ್ಷೆಯನ್ನೂ ವಿಚಾರಿಸಬಹುದು ಅಲ್ವಾ?

ನನ್ನ ಪ್ರಕಾರ ಇದು ಸರಿಯಾಗಿ ಅರ್ಥವಾಗುವುದು ಜಾನ್ ಕಲಾಸ್‌ನ ಕೇಸಿನಿಂದ. ಆತ ಫ್ರಾನ್ಸಿನ ಟುಲೂಸ್ ಊರಿನ ಬಟ್ಟೆ ವ್ಯಾಪಾರಿ, ಪ್ರೊಟೆಸ್ಟೆಂಟ್, ಅಂದರೆ ಅಲ್ಲಿನ ಬಹುಸಂಖ್ಯಾತ ಕ್ಯಾಥೊಲಿಕರಿಂದ ಬೇರೆಯಾದ ಕ್ರೈಸ್ತ ಪಂಗಡದವನು. 1761ರ ಅಕ್ಟೋಬರಿನಲ್ಲಿ ಅವನ ಹಿರಿಮಗ ಅಂಗಡಿಯಲ್ಲೇ ಸತ್ತಿದ್ದ. ಕ್ಯಾಥೊಲಿಕ್ ಆಗಲು ಹೊರಟ ಮಗನನ್ನು ಅಪ್ಪನೇ ಕೊಂದ ಅಂತ ಊರೆಲ್ಲ ಗುಲ್ಲಾಯಿತು. ಗಟ್ಟಿ ಸಾಕ್ಷಿ ಒಂದೂ ಇರಲಿಲ್ಲ. ಆದರೂ ಕೋರ್ಟು ಆತನಿಗೆ ಚಿತ್ರಹಿಂಸೆ ಕೊಡಿಸಿ, 1762ರ ಮಾರ್ಚ್ 10ರಂದು ಮೂಳೆ ಮುರಿಸಿ ಕೊಲ್ಲಿಸಿತು. ಕೊನೆಯವರೆಗೂ ಆತ ನಾನು ಕೊಂದಿಲ್ಲ ಅಂತಲೇ ಹೇಳಿದ. ಆಗ 67 ವರ್ಷದ ಫ್ರೆಂಚ್ ಲೇಖಕ ವೋಲ್ಟೇರ್ ಕಾಗದಪತ್ರ ಕಲೆಹಾಕಿ, ದೊಡ್ಡವರಿಗೆಲ್ಲ ಪತ್ರ ಬರೆದು, ವಕೀಲರನ್ನು ಹಿಡಿದು, ಬಿಡದೆ ಹೋರಾಡಿ, 1765ರಲ್ಲಿ ಪ್ಯಾರಿಸ್‌ನ ನ್ಯಾಯಾಧೀಶರಿಂದ ಕಲಾಸ್ ನಿರಪರಾಧಿ ಅಂತ ಹೇಳಿಸಿದ. ಪುರಾವೆ ಕೇಳುವುದು ಬರೀ ಪಂಡಿತರ ಚರ್ಚೆಯಲ್ಲ, ಜೀವ ಉಳಿಸುವ ವಿಷಯ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲಿ ಚಿತ್ರಹಿಂಸೆ, ಮರಣದಂಡನೆ ಎರಡೂ ಬೇಡ ಅಂತ ವಾದಿಸಿದ. 1786ರಲ್ಲಿ ಇಟಲಿಯ ಟಸ್ಕನಿ ರಾಜ್ಯ ಮರಣದಂಡನೆಯನ್ನೇ ತೆಗೆದುಹಾಕಿತು.

ಇದೇ ಕಾಲದಲ್ಲಿ, 1751ರಿಂದ, ಫ್ರಾನ್ಸಿನ ಲೇಖಕ ದಿದೆರೊ ಮತ್ತು ಗಣಿತಜ್ಞ ದಾಲಂಬೇರ್ ಒಂದು ವಿಶ್ವಕೋಶ ತರುತ್ತಿದ್ದರು. 17 ಸಂಪುಟ ಬರಹ, 11 ಸಂಪುಟ ಚಿತ್ರ. ಧರ್ಮ, ರಾಜಕೀಯದ ಜೊತೆಗೆ ಗಾಜು ಮಾಡುವವರು, ನೇಕಾರರು ಬಳಸುವ ಸಲಕರಣೆಗಳನ್ನೂ ಬಿಡಿಬಿಡಿಯಾಗಿ ಚಿತ್ರ ಬರೆದು ವಿವರಿಸಿದ್ದರು. ಕೈಕಸುಬಿಗೂ ವಿದ್ಯೆಯ ಮರ್ಯಾದೆ ಕೊಟ್ಟ ಈ ಕೆಲಸ ನನಗೆ ತುಂಬಾ ಇಷ್ಟ. 1759ರಲ್ಲಿ ಸರ್ಕಾರ ಪರವಾನಗಿ ಕಿತ್ತುಕೊಂಡಿತು, ದಾಲಂಬೇರ್ ಕೈಬಿಟ್ಟ, ದಿದೆರೊ ಕದ್ದುಮುಚ್ಚಿ ಮುಂದುವರಿಸಿ ಮುಗಿಸಿದ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1784ರಲ್ಲಿ ಒಂದು ಪತ್ರಿಕೆಗೆ ಬರೆಯುತ್ತಾ, ಬೇರೆಯವರ ಆಸರೆ ಬಿಟ್ಟು ಸ್ವಂತ ಬುದ್ಧಿ ಬಳಸುವ ಧೈರ್ಯವೇ ಜ್ಞಾನೋದಯ ಅಂದ. ಅದೇ ಕಾಂಟ್, ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ಇಬ್ಬರೂ ಕಪ್ಪು ಜನರ ಬುದ್ಧಿಯನ್ನು ಹೀಯಾಳಿಸಿ ಬರೆದಿದ್ದಾರೆ. ಅಲ್ಲಿ ಮಾತ್ರ ಇವರು ಪುರಾವೆ ಕೇಳಲಿಲ್ಲ, ಅದು ಸಣ್ಣ ತಪ್ಪೂ ಅಲ್ಲ. ಎಲ್ಲರೂ ಹಾಗಿರಲಿಲ್ಲ ಅನ್ನುವುದೂ ನಿಜ. ಫ್ರಾನ್ಸಿನ ಚಿಂತಕ ಕಾಂಡೋರ್ಸೆ ಗುಲಾಮಗಿರಿಯ ವಿರುದ್ಧ ಬರೆದ, 1790ರಲ್ಲಿ ಹೆಂಗಸರಿಗೂ ಪೌರ ಹಕ್ಕು ಕೊಡಿ ಎಂದ. ಅಲ್ಲಿಯದೇ ಲೇಖಕಿ ಒಲಿಂಪ್ ದ ಗೂಜ್ 1791ರಲ್ಲಿ ಮಹಿಳೆಯರ ಹಕ್ಕುಗಳ ಘೋಷಣೆಯನ್ನೇ ಬರೆದಳು. 1793ರಲ್ಲಿ ಕ್ರಾಂತಿಯ ಸರ್ಕಾರವೇ ಅವಳ ತಲೆ ಕಡಿಸಿತು. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ.