ಮಗ ಪೋಕೆಮಾನ್ ಕಾರ್ಡ್ ಮಾರಿದರೆ ತೆರಿಗೆ ಯಾರ ತಲೆಗೆ?

ಪ್ರಶ್ನೆ: 2020ರಲ್ಲಿ ಮಗನಿಗೆ 6,000 ರೂಪಾಯಿ ಕೊಟ್ಟು ಕೊಡಿಸಿದ್ದ ಪೋಕೆಮಾನ್ ಕಾರ್ಡನ್ನು (ಮಕ್ಕಳು ಆಡುವ, ಸಂಗ್ರಹಿಸುವ ಚಿತ್ರದ ಕಾರ್ಡು) ಅವನು 2025ರ ಡಿಸೆಂಬರಿನಲ್ಲಿ 90,000ಕ್ಕೆ ಮಾರಿದ. ಅವನಿಗೀಗ 16 ವರ್ಷ. ಹಣ ಬಂದದ್ದು ನನ್ನ ಖಾತೆಗೆ. ನನ್ನದು ಕಾಫಿ ತೋಟ, ಹೆಂಡತಿ ಶಿಕ್ಷಕಿ. ತೆರಿಗೆ ಕಟ್ಟಬೇಕೇ?
(ಗೋಣಿಕೊಪ್ಪದ ಓದುಗರು)

ಉತ್ತರ: ಮೊದಲು ನೋಡಬೇಕಾದ್ದು ಆ ಕಾರ್ಡನ್ನು ಹೇಗೆ ಇಟ್ಟುಕೊಂಡಿದ್ದಿರಿ ಎಂಬುದನ್ನು. ಸ್ವಂತ ಬಳಕೆಯ ವಸ್ತು ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಆದರೆ ಪೂಜೆಗೆ ಇಟ್ಟಿದ್ದ ಚಿನ್ನದ ನಾಣ್ಯಗಳನ್ನೂ ಸುಪ್ರೀಂ ಕೋರ್ಟ್ 1976ರಲ್ಲಿ ಸ್ವಂತ ಬಳಕೆಯವು ಎಂದು ಒಪ್ಪಲಿಲ್ಲ. ಒಡೆಯನ ನಿತ್ಯದ, ನಿಕಟ ಬಳಕೆ ಇರಬೇಕು ಎಂದಿತು. ಆಡಿ ಆಡಿ ಅಂಚು ಸವೆದ ಕಾರ್ಡಾದರೆ ವಾದಿಸಬಹುದು. ಗ್ರೇಡಿಂಗ್ (ಕಾರ್ಡಿನ ಸ್ಥಿತಿ ಪರೀಕ್ಷಿಸಿ ಅಂಕ ಕೊಡುವುದು) ಮಾಡಿಸಿ, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಬೀರುವಿನೊಳಗಿಟ್ಟ ಕಾರ್ಡಿಗೆ ಆ ವಾದ ನಿಲ್ಲುವುದು ಕಷ್ಟ. ಅದನ್ನು ಬಂಡವಾಳ ಆಸ್ತಿ, ಅಂದರೆ ಮಾರಿದ ಲಾಭಕ್ಕೆ ತೆರಿಗೆ ಬೀಳುವ ಆಸ್ತಿ ಎಂದೇ ಲೆಕ್ಕ ಹಾಕಿ.

24 ತಿಂಗಳು ದಾಟಿರುವುದರಿಂದ ಇದು ದೀರ್ಘಾವಧಿ ಲಾಭ, ದರ ಶೇ. 12.5. ಗ್ರೇಡಿಂಗ್, ಕೊರಿಯರ್‌ಗೆ 9,000 ಖರ್ಚಾಗಿ ರಸೀದಿ ಇದ್ದರೆ ಅದನ್ನೂ ಕಳೆಯಬಹುದು ಎಂಬುದು ನಮ್ಮ ಅಭಿಪ್ರಾಯ. ಆಗ ಲಾಭ 75,000, ತೆರಿಗೆ 9,375, ಸೆಸ್ ಸೇರಿ 9,750. ಪ್ಯಾಕೆಟ್ ಒಡೆದಾಗ ಸಿಕ್ಕ ಕಾರ್ಡಾದರೆ ಇಡೀ ಪ್ಯಾಕೆಟ್ಟಿನ ಬೆಲೆಯನ್ನು ಅದೊಂದರ ಮೇಲೆ ಹೊರಿಸಬೇಡಿ. ಉಳಿದವಕ್ಕೂ ಹಂಚಿ, ಹಂಚಿದ ಬಗೆಯನ್ನು ಬರೆದಿಡಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅಪ್ರಾಪ್ತ ಮಗನ ಈ ಲಾಭ ಸೇರುವುದು ತಂದೆತಾಯಿಯರಲ್ಲಿ ಯಾರ ಒಟ್ಟು ಆದಾಯ ಹೆಚ್ಚೋ ಅವರಿಗೆ. ಹಣ ಯಾರ ಖಾತೆಗೆ ಬಂತು ಎಂಬುದು ಲೆಕ್ಕಕ್ಕಿಲ್ಲ. ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವುದು) ಮಾಡಿಸದೆ ಚೆರಿ (ಒಣಗಿಸಿದ ಹಣ್ಣು) ಆಗಿಯೋ ಪಾರ್ಚ್‌ಮೆಂಟ್ (ಒಳಸಿಪ್ಪೆ ಉಳಿದ ಬೀಜ) ಆಗಿಯೋ ಮಾರುವವರಿಗೆ ಅದು ಪೂರ್ತಿ ಕೃಷಿ ಆದಾಯ, ಒಟ್ಟು ಆದಾಯಕ್ಕೆ ಸೇರದು. ಹಾಗಾಗಿ ತೋಟದಿಂದ 20 ಲಕ್ಷ ಬಂದರೂ, 6 ಲಕ್ಷ ಸಂಬಳದ ಹೆಂಡತಿಯೇ ಕಾನೂನಿನ ಕಣ್ಣಿಗೆ ಹೆಚ್ಚು ಆದಾಯದವರು. ಕ್ಯೂರಿಂಗ್ ಮಾಡಿಸಿ ಮಾರುವವರಾದರೆ ಕಾಫಿ ಲಾಭದ ಶೇ. 25 ನಿಮ್ಮ ಒಟ್ಟು ಆದಾಯಕ್ಕೆ ಬರುತ್ತದೆ. ಆಗ ಇಬ್ಬರದನ್ನೂ ಹೋಲಿಸಿ ನೋಡಬೇಕು.

'12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ' ಎಂದು ಸುಮ್ಮನಿರಬೇಡಿ. ಹೊಸ ತೆರಿಗೆ ಪದ್ಧತಿಯ ಆ ರಿಬೇಟ್ (ತೆರಿಗೆ ಮನ್ನಾ) ಸಂಬಳಕ್ಕೆ ಸಿಗುತ್ತದೆ, ಶೇ. 12.5ರ ಲಾಭಕ್ಕೆ ಸಿಗದು. ಆದ್ದರಿಂದ ಹೆಂಡತಿಯ ಆದಾಯವೇ ಹೆಚ್ಚಾಗಿದ್ದರೆ ಅವರು 9,750 ಕಟ್ಟಿ ಐಟಿಆರ್-2 ಎಂಬ ರಿಟರ್ನ್ ನಮೂನೆ ಸಲ್ಲಿಸಬೇಕಾಗುತ್ತದೆ. ಅವರಿಗೆ ಸಂಬಳವೇ ಇರದೆ, ನಿಮ್ಮದು ಬರೀ ಕೃಷಿ ಆದಾಯವಾಗಿದ್ದರೆ ಈ 75,000 ನಾಲ್ಕು ಲಕ್ಷದ ಮೂಲ ವಿನಾಯಿತಿಯೊಳಗೇ ಮುಗಿದು ತೆರಿಗೆ ಸೊನ್ನೆಯಾಗುತ್ತಿತ್ತು.

ಒಂದು ಕಾರ್ಡ್ ಮಾರಿದ್ದಕ್ಕೆ ಜಿಎಸ್‌ಟಿ ಚಿಂತೆ ಬೇಡ. ಕೊಂಡು ಮಾರುವುದೇ ಕಸುಬಾದರೆ ಅದು ವ್ಯಾಪಾರದ ಆದಾಯ, ಸ್ಲ್ಯಾಬ್ ದರ ಅನ್ವಯ. ಗಡಿ ದಾಟಿ ಕೇರಳದವರಿಗೆ ಮಾರಿದರಂತೂ ವರ್ಷಕ್ಕೆ 40 ಲಕ್ಷದವರೆಗಿನ ವಹಿವಾಟಿಗೆ ನೋಂದಣಿ ಬೇಡವೆಂಬ ಮಿತಿ ನೆರವಿಗೆ ಬಾರದು, ಜಿಎಸ್‌ಟಿ ನೋಂದಣಿ ಬೇಕು.

ಕೊಂಡ ಬಿಲ್, ಯುಪಿಐ ವಿವರ, ಕಾರ್ಡಿನ ಎರಡೂ ಬದಿಯ ಫೋಟೊ, ಖರೀದಿದಾರರೊಡನೆ ನಡೆದ ಮಾತುಕತೆ ಜೋಪಾನವಾಗಿರಲಿ. 90,000 ಎಲ್ಲಿಂದ ಬಂತು ಎಂದು ಇಲಾಖೆ ಕೇಳಿದರೆ ಖಾತೆದಾರರಾದ ನೀವೇ ಉತ್ತರಿಸಬೇಕು.