ಅಡ್ಡಪರಿಣಾಮ ಬೇರೆ, ದುಷ್ಪರಿಣಾಮ ಬೇರೆ

‘ಮಾತ್ರೆಯ ದುಷ್ಪರಿಣಾಮದಿಂದ ಕಣ್ಣು ಮಂಜು’ ಎಂಬ ಸಾಲನ್ನು ಈ ವಾರ ಮತ್ತೆ ಓದಿದೆ. ವಿಷಯ ಇಷ್ಟೇ: ಹೊಟ್ಟೆನೋವಿನ ಮಾತ್ರೆ ನುಂಗಿದವರಿಗೆ ಕೆಲವು ಗಂಟೆ ಪೇಪರ್ ಓದಲು ಆಗಲಿಲ್ಲ, ಆಮೇಲೆ ಸರಿಹೋಯಿತು. ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದವಿದೆ, ಅಡ್ಡಪರಿಣಾಮ. ಅದನ್ನು ಬಿಟ್ಟು ಸುಮ್ನೆ ‘ದುಷ್’ ಯಾಕೆ ಸೇರಿಸಬೇಕು?

‘ಅಡ್ಡ’ ಅಚ್ಚ ಕನ್ನಡದ್ದು. ಉದ್ದಕ್ಕಿಲ್ಲದ್ದು ಅಡ್ಡ. ದೊಡ್ಡ ರಸ್ತೆಗೆ ಬಂದು ಸೇರುವುದು ಅಡ್ಡರಸ್ತೆ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರೇ ಅಡ್ಡಹೆಸರು. ಪಾಟೀಲ, ಕುಲಕರ್ಣಿ ಅನ್ನುವುದರಲ್ಲಿ ಕೆಟ್ಟದ್ದೇನೂ ಇಲ್ಲ, ಅಲ್ವಾ? ‘ಅಡ್ಡದಾರಿ’ ಹಿಡಿದವರ ಕೆಟ್ಟ ಹೆಸರನ್ನು ಉಳಿದ ‘ಅಡ್ಡ’ಗಳಿಗೆಲ್ಲ ಅಂಟಿಸಬಾರದು. ‘ಪರಿಣಾಮ’ ಸಂಸ್ಕೃತದಿಂದ ಬಂದದ್ದು, ಮೂಲದಲ್ಲಿ ಮಾರ್ಪಾಡು ಎಂದರ್ಥ. ಎರಡೂ ಸೇರಿದರೆ, ಔಷಧಿ ತೆಗೆದುಕೊಂಡ ಉದ್ದೇಶದ ಪಕ್ಕದಲ್ಲಿ ಆಗುವ ಮಾರ್ಪಾಡು. ಒಳ್ಳೆಯದೋ ಕೆಟ್ಟದ್ದೋ ಎಂದು ಪದ ಹೇಳುವುದಿಲ್ಲ.

ಯಾವುದು ಅಡ್ಡ ಎನ್ನುವುದು ನಾವು ಹೊರಟ ದಾರಿಯ ಮೇಲೆ ನಿಂತಿದೆ. ಅಟ್ರೋಪಿನ್ ನೋಡಿ. ನಮ್ಮ ಬೇಲಿಯ ಉಮ್ಮತ್ತಿ ಗಿಡದಲ್ಲೂ ಇರುವ ವಸ್ತು ಅದು. ಕಣ್ಣಿನ ಡಾಕ್ಟರು ಅದರ ಡ್ರಾಪ್ಸ್ ಹಾಕಿದಾಗ ಪಾಪೆ ಹಿಗ್ಗಲಿ ಅಂತಲೇ ಹಾಕುತ್ತಾರೆ. ನಾಡಿಬಡಿತ ತೀರಾ ಇಳಿದವರಿಗೆ ಅದನ್ನೇ ಇಂಜೆಕ್ಷನ್ ಕೊಟ್ಟರೆ, ಪಾಪೆ ಹಿಗ್ಗುವುದು ಅಡ್ಡಪರಿಣಾಮ. ಔಷಧಿ ಅದೇ, ಪಾಪೆಯೂ ಅದೇ.

ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೋಮಿನ್ ಕೂಡ ಹೀಗೇ. ಅದು ಕರುಳಿನ ಬಿಗಿತ ಸಡಿಲಿಸುತ್ತದೆ. ಹತ್ತಿರದ ಅಕ್ಷರ ಕಾಣಲು ಕಣ್ಣೊಳಗಿನ ಸಣ್ಣ ಸ್ನಾಯುವೊಂದು ಬಿಗಿಯಬೇಕು. ಅದೂ ಸಡಿಲವಾದರೆ ಅಕ್ಷರ ಮಂಜು. ಮಾತ್ರೆಯ ಪ್ರಭಾವ ಇಳಿದ ಮೇಲೆ ಸರಿಹೋಗುತ್ತದೆ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ವಯಾಗ್ರ ಮಾತ್ರೆಯಲ್ಲಿರುವ ಸಿಲ್ಡೆನಾಫಿಲ್ ನುಂಗಿದ ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲವೂ ನೀಲಿ ಛಾಯೆಯಲ್ಲಿ ಕಾಣುವುದೂ ಇದೇ ಸಾಲಿನದು.

ಹಾಗಂತ ‘ಬರೀ ಅಡ್ಡಪರಿಣಾಮ’ ಅನ್ನುವುದೂ ತಪ್ಪು ಬಳಕೆಯೇ. ಅಡ್ಡ ಅಂದರೆ ಚಿಕ್ಕದು ಅಂತಲೂ ಅಲ್ಲ. ಹೃದಯದ ಕಾಯಿಲೆಗೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಎಲ್ಲ ಹಳದಿಯಾಗಿ ಕಂಡರೆ, ಮೈಯಲ್ಲಿ ಔಷಧಿ ಜಾಸ್ತಿಯಾಗಿರಬಹುದು. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಕೆಲವರ ಕಣ್ಣಿನ ನರಕ್ಕೇ ಪೆಟ್ಟು ಕೊಡುತ್ತದೆ. ಕೆಂಪು, ಹಸಿರು ಸರಿಯಾಗಿ ಗೊತ್ತಾಗದಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ಡಾಕ್ಟರಿಗೆ ಹೇಳಬೇಕು. ಬೇಗ ನಿಲ್ಲಿಸಿದರೆ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ತಡಮಾಡಿದರೆ ಮರಳದೇ ಇರಬಹುದು. ಅಂಥದ್ದನ್ನು ದುಷ್ಪರಿಣಾಮ ಅನ್ನಿ, ನನ್ನ ತಕರಾರಿಲ್ಲ.